ಹೆಂಗಸರು ಮಾಡಿದ ಫೋನು

ಮೈಸೂರಿನ ಆಸ್ಪತ್ರೆಯ ವಾರ್ಡಿನಲ್ಲಿ ನನಗೆ ಸರಿಯಾಗಿ ಎಚ್ಚರವಾದಾಗ ಬಾಯಲ್ಲಿ ಒಂದೇ ಒಂದು ಮಾತು ಉಳಿದಿತ್ತು. ‘ಹಲೋ’. ನೀರು ಬೇಕಾದರೂ ಹಲೋ, ಮಗ್ಗುಲು ಬದಲಿಸಬೇಕಾದರೂ ಹಲೋ, ಹೆಂಡತಿಯ ಮುಖ ಕಂಡು ಅಳು ಬಂದಾಗಲೂ ಹಲೋ. ತಲೆಯೊಳಗೆ ಮಾತುಗಳು ಸಾಲಾಗಿ ನಿಂತಿರುತ್ತಿದ್ದವು. ತುಟಿಗೆ ಬರುವಷ್ಟರಲ್ಲಿ ಎಲ್ಲವೂ ಆ ಒಂದೇ ಮಾತಾಗಿ ಉದುರುತ್ತಿದ್ದವು. ಪಕ್ಕದ ಮಂಚದಲ್ಲಿ ನಾಗಮಂಗಲದ ಕಡೆಯ ಒಬ್ಬ ಮುದುಕನಿದ್ದ. ಒಂದೆರಡು ದಿನ ನನ್ನನ್ನೇ ನೋಡಿ, “ಯಾರ್ಗ್ಲಾ ಫೋನ್ ಮಾಡ್ತಾವ್ನೆ ಇವ್ನು? ಯಮನ್ಗಾ?” ಎಂದ. ವಾರ್ಡಿಗೆ ವಾರ್ಡೇ ನಕ್ಕಿತು. ನನ್ನ ಹೆಂಡತಿ ಸಾಕಮ್ಮನೂ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನಕ್ಕದ್ದಕ್ಕೆ ಆಮೇಲೆ ಅತ್ತಳು.

ಆ ಮಾತೇ ಯಾಕೆ ಉಳಿಯಿತು ಎಂದು ಡಾಕ್ಟರು ಕೇಳಿದರಂತೆ. “ಅವ್ರ ಕೆಲ್ಸನೇ ಅದು ಸ್ವಾಮಿ, ಫೋನ್ ಎತ್ತೋದು” ಅಂದಳಂತೆ ಸಾಕಮ್ಮ.

ನಿಜ. ಕೆ.ಆರ್. ಪೇಟೆ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಸಣ್ಣ ರೂಮಿನಲ್ಲಿ ಫೋನಿನ ಮುಂದೆ ಕೂರುವುದು ನನ್ನ ಕೆಲಸವಾಗಿತ್ತು. ಪೇಟೆಯ ಕೆಲವು ವರ್ತಕರು ಸೇರಿ ಒಂದು ಸಂಘ ಮಾಡಿಕೊಂಡು, ಸುತ್ತಲಿನ ಹಳ್ಳಿಗಳ ರೋಗಿಗಳನ್ನು ಸಾಗಿಸಲು ಒಂದು ವ್ಯಾನು ಇಟ್ಟಿದ್ದರು. ಸಂಘದ ಹೆಸರು ಇಲ್ಲಿ ಬೇಡ. ಈಗಿನಂತೆ ಎಲ್ಲಿಂದಲೋ ನಂಬರು ಒತ್ತಿದರೆ ಸರ್ಕಾರದ ಗಾಡಿ ಸೈರನ್ ಹೊಡೆಯುತ್ತ ಬರುವ ಕಾಲವಲ್ಲ ಅದು. ತೊಂಬತ್ತರ ದಶಕದಲ್ಲಿ ಹಳ್ಳಿಗೆ ಒಂದು ಫೋನಿದ್ದರೆ ದೊಡ್ಡದು. ಅದೂ ಹಾಲಿನ ಡೈರಿಯಲ್ಲೋ, ಪಟೇಲರ ಮನೆಯಲ್ಲೋ ಇರುತ್ತಿತ್ತು. ಅಲ್ಲಿಂದ ಫೋನು ಬಂದರೆ ನಾನು ಕೇಳಬೇಕಾದ್ದು ಇಷ್ಟು: ಯಾವೂರು, ಯಾರ ಮನೆ, ರೋಗಿಯ ಹೆಸರೇನು, ಏನಾಗಿದೆ, ಗಾಡಿ ಮನೆತನಕ ಬರುತ್ತದೋ ಇಲ್ಲವೋ, ಮೇನ್ ರೋಡಿನ ತಿರುವಿನಲ್ಲಿ ಟವೆಲ್ ಹಿಡಿದುಕೊಂಡು ಯಾರು ನಿಂತಿರುತ್ತಾರೆ. ಇಷ್ಟನ್ನೂ ಕೇಳಿ ಡ್ರೈವರ್ ಅಮೀರನಿಗೆ ಹೇಳಿದರೆ, ಅವನು ಟೀ ಗ್ಲಾಸು ಅಲ್ಲೇ ಇಟ್ಟು ಗಾಡಿ ಎಬ್ಬಿಸುತ್ತಿದ್ದ. ಇದ್ದದ್ದು ಒಂದೇ ವ್ಯಾನು. ಆದ್ದರಿಂದ ಯಾವ ಫೋನಿಗೆ ಗಾಡಿ ಬಿಡಬೇಕು, ಯಾವುದಕ್ಕೆ ಬಿಡಬಾರದು ಎನ್ನುವುದು ನನ್ನ ಕೈಯಲ್ಲಿತ್ತು. ಎಸ್ಸೆಸ್ಸೆಲ್ಸಿ ಓದಿದ ನನಗೆ ಅದು ದೊಡ್ಡ ಅಧಿಕಾರವೇ.

ಆ ಅಧಿಕಾರದಲ್ಲಿ ನಾನು ಒಂದು ನಿಯಮ ಮಾಡಿಕೊಂಡೆ. ಹೆಂಗಸರ ಫೋನಿಗೆ ಗಾಡಿ ಬಿಡಬಾರದು. ಗಂಡಸರ ಕೈಲಿ ಮಾಡಿಸಲು ಹೇಳಬೇಕು.

ಸುಮ್ಮನೆ ಮಾಡಿದ್ದಲ್ಲ ಎಂದು ಆಗ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ನಮ್ಮ ಕಡೆಯ ಹೆಂಗಸರು ಫೋನು ಹಿಡಿದರೆ ಮೊದಲು ಅಳುತ್ತಿದ್ದರು. ರೋಗಿಯ ಹೆಸರೇನು ಎಂದರೆ “ನಮ್ಮನೆಯೋರು” ಎನ್ನುತ್ತಿದ್ದರು. ಗಂಡನ ಹೆಸರು ಬಾಯಲ್ಲಿ ಬರಬಾರದಲ್ಲ! ಯಾರ ಮನೆ ಎಂದರೆ “ಮಾರಿಗುಡಿ ತಾವ ಬಂದು ಕೇಳಿ, ಎಲ್ಲಾರ್ಗೂ ಗೊತ್ತು” ಎನ್ನುತ್ತಿದ್ದರು. ಒಂದು ಸಲ ಹಾಗೆ ಕೇಳಿಕೊಂಡು ಅಮೀರ ಊರೆಲ್ಲ ಸುತ್ತಿ ಹೋಗಿ ನೋಡಿದರೆ, ರೋಗಿ ಜಗುಲಿಯ ಮೇಲೆ ಕೂತು ಮುದ್ದೆ ಮುರಿಯುತ್ತಿದ್ದನಂತೆ. “ಒಟ್ಟೆನೋವು ಓಯ್ತು ಕಣಣ್ಣ, ನೀವೂ ಒಂದ್ ತುತ್ತು ಉಣ್ಣಿ” ಎಂದು ಕರೆದನಂತೆ. ಅಮೀರ ಉಂಡೇ ಬಂದ. ಅವತ್ತೇ ನಾನು ಆ ನಿಯಮ ಮಾಡಿದ್ದು. ಬರೆದಿಡಲಿಲ್ಲ, ಸಂಘದ ಅಧ್ಯಕ್ಷರಿಗೆ ತಿಳಿಸಲೂ ಇಲ್ಲ. ಗಾಡಿ ಖಾಲಿ ಬರುವುದು ಕಡಿಮೆಯಾಯಿತು ಎಂದು ಅವರು ಮೀಟಿಂಗಿನಲ್ಲಿ ನನ್ನನ್ನು ಹೊಗಳಿದರು. ಯಾಕೆ ಕಡಿಮೆಯಾಯಿತು ಎಂದು ಕೇಳಲಿಲ್ಲ.

ಗಂಡಸರ ಕೈಲಿ ಮಾಡಿಸಿ ಎಂದಾಗ ಎಷ್ಟು ಹೆಂಗಸರು ಆ ಕಡೆ ಸುಮ್ಮನೆ ಫೋನು ಇಟ್ಟರೋ ನನಗೆ ಗೊತ್ತಿಲ್ಲ. ತಿರುಗಿ ಫೋನು ಬಾರದಿದ್ದರೆ ವಾಸಿಯಾಗಿರಬೇಕು ಎಂದುಕೊಳ್ಳುತ್ತಿದ್ದೆ. ಫೋನಿರುವ ಡೈರಿಗೂ ಅವರ ಮನೆಗೂ ನಡುವೆ ಎಷ್ಟು ಗದ್ದೆಬದುಗಳಿದ್ದವೋ, ಹಗಲು ಹೊತ್ತಿನಲ್ಲಿ ಊರ ಗಂಡಸರೆಲ್ಲ ಎಲ್ಲಿರುತ್ತಾರೋ, ಇದೆಲ್ಲ ಹಳ್ಳಿಯಲ್ಲೇ ಹುಟ್ಟಿ ಹಳ್ಳಿಯಲ್ಲೇ ಇದ್ದ ನನಗೆ ಹೊಳೆಯದೆ ಇರಲಿಲ್ಲ. ಹೊಳೆದರೂ ಬದಿಗಿಟ್ಟೆ.

ಕೆಲಸ ಹೆಚ್ಚಾದಾಗ ನನಗೆ ಜೊತೆಯಾಗಿ ನಂಜುಂಡಾಚಾರಿಯನ್ನು ತೆಗೆದುಕೊಂಡರು. ಕಿಕ್ಕೇರಿಯವನು. ಕುಲುಮೆಯ ಮನೆತನ, ಕುಲುಮೆಯಲ್ಲಿ ಹೊಟ್ಟೆ ತುಂಬದೆ ಪೇಟೆಗೆ ಬಂದಿದ್ದ. ಹೆಂಡತಿ, ಇಬ್ಬರು ಮಕ್ಕಳು, ವಯಸ್ಸಾದ ತಂದೆ. ದಿನಗೂಲಿಯ ಮೇಲೆ ಸೇರಿದ್ದವನಿಗೆ, ಚೆನ್ನಾಗಿ ಮಾಡಿದರೆ ಖಾಯಂ ಮಾಡುತ್ತೇವೆ ಎಂದು ಅಧ್ಯಕ್ಷರು ಮಾತು ಕೊಟ್ಟಿದ್ದರು. ಅವನು ಫೋನಿನಲ್ಲಿ “ಯೋಳಿ ತಾಯಿ, ಎದ್ರುಕೋಬ್ಯಾಡಿ” ಎಂದು ಶುರು ಮಾಡುತ್ತಿದ್ದ. ನನಗೆ ಅದು ಹಿಡಿಸುತ್ತಿರಲಿಲ್ಲ.

ಬಂದ ಹೊಸದರಲ್ಲಿ ಒಬ್ಬ ಹೆಂಗಸು ಮಗಳ ಹೆರಿಗೆ ನೋವೆಂದು ಫೋನು ಮಾಡಿದಾಗ ಅವನು ತಕ್ಷಣ ಗಾಡಿ ಬಿಟ್ಟ. ಅಮೀರ ಹೋಗುವಷ್ಟರಲ್ಲಿ ಮಗು ಹುಟ್ಟಿ ಅಳುತ್ತಿತ್ತು. ಅಜ್ಜಿ ಅಮೀರನ ಕೈಗೆ ಒಂದು ಅಚ್ಚು ಬೆಲ್ಲ ಕೊಟ್ಟು ಕಳಿಸಿದ್ದಳು. ಅಮೀರ ನಗುತ್ತ ಆ ಬೆಲ್ಲ ಒಡೆದು ಎಲ್ಲರಿಗೂ ಹಂಚಿದ. ನಾನು ಮಾತ್ರ ಟೀ ಅಂಗಡಿಯ ಜನರ ಮುಂದೆ ನಂಜುಂಡನನ್ನು ನಿಲ್ಲಿಸಿಕೊಂಡೆ.

“ಲೇ ಆಚಾರಿ, ತಿದಿ ಒತ್ತೋನ ಕೈಗೆ ಫೋನ್ ಕೊಟ್ರೆ ಇಂಗೇ ಕಣ್ಲಾ ಆಗೋದು. ಎಂಗಸ್ರು ಮಾಡಿದ್ರೆ ಗಾಡಿ ಬುಡಬ್ಯಾಡ ಅಂತ ಯೋಳಿರ್ನಿಲ್ವಾ?”

“ಯೋಳಿದ್ರಿ ಅಣ್ಣ. ಆಯಮ್ಮ ಒಸಿ ಗಾಬ್ರಿಯಾಗಿತ್ತು.”

“ಗಾಬ್ರಿಯಾಗ್ದೆ ಇರೋ ಎಂಗ್ಸು ಎಲ್ಲೈತ್ಲಾ? ಇನ್ನೊಂದ್ಸಲಿ ಇಂಗ್ ಮಾಡ್ದೆ, ಖಾಯಂ ಮಾತು ಮರ್ತುಬುಡು. ಮಾತ್ ಬೆಳಸಬ್ಯಾಡ, ಗಂಡಸ್ರ ಕೈಲಿ ಮಾಡ್ಸಿ ಅಂದು ಫೋನ್ ಇಟ್ಬುಡು. ಲೈನು ಖಾಲಿ ಇರ್ಬೇಕು.”

“ಆಯ್ತಣ್ಣ” ಎಂದು ತಲೆ ತಗ್ಗಿಸಿದ. ಆಮೇಲೆ ಅವನು ನನ್ನ ಮಾತು ಮೀರಲಿಲ್ಲ.

ನನಗೆ ಲಕ್ವ ಹೊಡೆದದ್ದು ಕಬ್ಬು ಕಡಿಯುವ ಕಾಲದಲ್ಲಿ, ನನಗೆ ರಜೆಯಿದ್ದ ಒಂದು ಬೆಳಿಗ್ಗೆ. ನಮ್ಮೂರು ಪೇಟೆಯಿಂದ ಪಾಂಡವಪುರದ ಕಡೆ ಹೋಗುವ ರಸ್ತೆಯಿಂದ ಒಳಗಿದೆ. ಬಚ್ಚಲಲ್ಲಿ ಮುಖ ತೊಳೆಯುತ್ತಿದ್ದೆ. ಬಲಗೈಯಲ್ಲಿದ್ದ ಚೊಂಬು ಜಾರಿತು. ಬಗ್ಗಿ ಎತ್ತಿಕೊಳ್ಳೋಣವೆಂದರೆ ಕೈ ನನ್ನದಲ್ಲ. ಗೋಡೆಗೆ ಒರಗಿಕೊಂಡು ಹಾಗೇ ಕೆಳಗೆ ಕುಸಿದೆ. ನೋವಿರಲಿಲ್ಲ. ಇದನ್ನು ಯಾರೂ ಮೊದಲೇ ಹೇಳಿರುವುದಿಲ್ಲ ನೋಡಿ, ಅದಕ್ಕೇ ಬರೆಯುತ್ತಿದ್ದೇನೆ. ನೋವಿಲ್ಲದಿರುವುದೇ ಹೆಚ್ಚು ಹೆದರಿಸುತ್ತದೆ. ಹರಿದು ಹೋಗುತ್ತಿದ್ದ ನೀರನ್ನು ನೋಡುತ್ತ ಬಿದ್ದಿದ್ದೆ. ಸಾಕಮ್ಮ ಬಂದು ನೋಡಿ, ನನ್ನ ಬಾಯಿ ಒಂದು ಕಡೆಗೆ ಎಳೆದುಕೊಂಡಿರುವುದನ್ನು ಕಂಡು, ಹೊರಗೆ ಓಡಿದಳು.

ಓಡಿದ್ದು ಡೈರಿಗೆ. ಸೆಕ್ರೆಟರಿ ಹಾಲಿನ ಲಾರಿ ಕಳಿಸಿ ಗದ್ದೆಗೆ ಹೋಗಿದ್ದ. ಅವನ ಹೆಂಡತಿ ನಂಬರು ತಿರುಗಿಸಿ ಕೊಟ್ಟಳಂತೆ. ಸಾಕಮ್ಮ ಫೋನು ಹಿಡಿದದ್ದು ಜನ್ಮದಲ್ಲಿ ಅದೇ ಮೊದಲು. ಆ ಕಡೆಯಿಂದ ಬಂದ ಮಾತುಗಳನ್ನು ಅವಳು ಆಮೇಲೆ ಆಸ್ಪತ್ರೆಯಲ್ಲಿ ಬಂದವರಿಗೆಲ್ಲ ಹೇಳಿದಳು. ಮಂಚದ ಮೇಲೆ ಬಿದ್ದುಕೊಂಡು ನಾನು ಪ್ರತಿ ಸಲವೂ ಕೇಳಿಸಿಕೊಂಡೆ.

“ಯಾರ್ಗಮ್ಮಾ ಉಷಾರಿಲ್ಲ?”

“ನಮ್ಮನೆಯೋರ್ಗೆ ಕಣಪ್ಪ. ಬಾಯಿ ಸೊಟ್ಟಗೆ ಆಗ್ಬುಟ್ಟೈತೆ.”

“ಎಸ್ರೇನಮ್ಮ ಅವ್ರದು?”

ಹೆಸರು ಗಂಟಲಿಗೆ ಬಂತು, ಬಾಯಿಗೆ ಬರಲಿಲ್ಲವಂತೆ. ಸೆಕ್ರೆಟರಿಯ ಹೆಂಡತಿಯ ಕಡೆ ತಿರುಗಿ ನೀನು ಹೇಳು ಎಂದು ಸನ್ನೆ ಮಾಡಿದಳಂತೆ. ಅವಳಿಗೆ ಅರ್ಥವಾಗುವ ಮೊದಲೇ ಆ ಕಡೆಯಿಂದ, “ಗಂಡಸ್ರು ಯಾರಾದ್ರೂ ಇದ್ರೆ ಅವ್ರ ಕೈಲಿ ಫೋನ್ ಮಾಡ್ಸಮ್ಮ” ಎಂದು ಬಂತು.

“ಗಂಡ್ಸೇ ಕಣಪ್ಪ ಬಿದ್ದಿರೋದು! ಇನ್ಯಾವ ಗಂಡ್ಸ ಕರ್ಕಂಬರ್ಲಿ?”

ಅಷ್ಟರಲ್ಲಿ ಫೋನು ಇಟ್ಟಿದ್ದ. ಲೈನು ಖಾಲಿ ಇರಬೇಕಲ್ಲ.

ಊರ ಗಂಡಸರೆಲ್ಲ ಕಬ್ಬಿನ ಗದ್ದೆಯಲ್ಲಿದ್ದರು. ಸಾಕಮ್ಮ ಬದುವಿನ ಮೇಲೆ ಕೂಗುತ್ತ ಹೋಗಿ, ಅಂತೂ ಕಬ್ಬು ತುಂಬುತ್ತಿದ್ದ ಒಂದು ಟ್ರಾಕ್ಟರು ಹಿಡಿದು ತಂದಳು. ಕಬ್ಬು ಇಳಿಸಿ, ಅದರ ಸೋಗೆಯನ್ನೇ ಹಾಸಿ ನನ್ನನ್ನು ಮಲಗಿಸಿದರು. ಪೇಟೆಯ ಆಸ್ಪತ್ರೆ ಮುಟ್ಟುವಾಗ ಬಿಸಿಲು ನೆತ್ತಿಗೆ ಬಂದಿತ್ತು. ಅಲ್ಲಿಂದ ಮೈಸೂರಿಗೆ ಒಯ್ಯಲು ಸಂಘದ ವ್ಯಾನಿಗೇ ಹೇಳಿಕಳಿಸಿದರು. ಅಮೀರ ಬಂದು ನನ್ನ ಮುಖ ನೋಡಿ “ಯಾ ಅಲ್ಲಾ” ಎಂದ. ಹಿಂದೆಯೇ ನಂಜುಂಡ ಓಡಿ ಬಂದ. ಯಾರ ಫೋನು ತಾನು ಇಟ್ಟೆ ಎನ್ನುವುದು ಸಾಕಮ್ಮನ ಎರಡು ಮಾತಿಗೇ ಅವನಿಗೆ ತಿಳಿಯಿತು.

ರೂಮಿಗೆ ಬೀಗ ಹಾಕಿ ಅವನೂ ವ್ಯಾನು ಹತ್ತಿದ. ಪಾಂಡವಪುರ ದಾಟುವತನಕ ನನ್ನ ತಲೆ ಅವನ ತೊಡೆಯ ಮೇಲಿತ್ತು. “ನೀವು ಅಂತ ಗೊತ್ತಾಗ್ನಿಲ್ಲ ಕಣಣ್ಣ, ಅಕ್ಕ ಎಸ್ರು ಯೋಳ್ನಿಲ್ಲ ಕಣಣ್ಣ” ಎಂದು ಅದನ್ನೇ ಹೇಳುತ್ತಿದ್ದ. ಅವನ ಕಣ್ಣೀರು ನನ್ನ ಕೆನ್ನೆಯ ಮೇಲೆ ಬಿತ್ತು. ಒಂದು ಕೆನ್ನೆಗೆ ಗೊತ್ತಾಯಿತು, ಇನ್ನೊಂದಕ್ಕೆ ಗೊತ್ತಾಗಲಿಲ್ಲ. ಶ್ರೀರಂಗಪಟ್ಟಣದ ಸೇತುವೆಯ ಮೇಲೆ ಸಾಕಮ್ಮ ಗಂಜಾಂ ಕಡೆಗೆ ತಿರುಗಿ ನಿಮಿಷಾಂಬೆಗೆ ಕೈ ಮುಗಿದಳು. ನಿಮಿಷದಲ್ಲಿ ಕಷ್ಟ ಕಳೆಯುವ ತಾಯಿ ಎನ್ನುತ್ತಾರೆ. ನಾವು ಅರ್ಧ ದಿನ ಕಳೆದುಕೊಂಡು ಬಂದಿದ್ದೆವು.

ಆಸ್ಪತ್ರೆಯ ದಿನಗಳ ಬಗ್ಗೆ ಹೆಚ್ಚು ಹೇಳಲಾರೆ. ಲಕ್ವ ಹೊಡೆದವನ ಮುಂದೆ ಜನ ಕಿವುಡನ ಮುಂದೆ ಮಾತಾಡಿದಂತೆ ಮಾತಾಡುತ್ತಾರೆ, ಅದೊಂದು ನೆನಪಿಟ್ಟುಕೊಳ್ಳಿ. ನಮ್ಮ ಕಡೆಯವರು ಬರುತ್ತಿದ್ದರು, ಕಿತ್ತಳೆ ಹಣ್ಣು ತಲೆದಿಂಬಿನ ಪಕ್ಕ ಇಡುತ್ತಿದ್ದರು, “ಇನ್ನೆಷ್ಟ್ ದಿನ ಎಳೀತದೋ” ಎಂದು ನನ್ನ ಮುಖದ ಮೇಲೇ ಅಂದು ಹೋಗುತ್ತಿದ್ದರು. ಸಾಕಮ್ಮ ಕಾರಿಡಾರಿನ ಬೆಂಚಿನ ಕೆಳಗೆ ಚಾಪೆ ಹಾಸಿಕೊಂಡು ಮಲಗುತ್ತಿದ್ದಳು. ಬೆಂಚಿನ ಮೇಲೆ ಮಲಗಲು ಸರದಿ ಇತ್ತು, ಅವಳ ಸರದಿಯನ್ನು ಹೆಚ್ಚು ಗಟ್ಟಿ ದನಿಯವರು ತಿನ್ನುತ್ತಿದ್ದರು. ನರ್ಸುಗಳ ಮೇಜಿನ ಮೇಲಿದ್ದ ಫೋನು ಬಡಿದುಕೊಳ್ಳುತ್ತಿತ್ತು. ಅವರಿಗೆ ಕೈ ಬಿಡುವಿರುತ್ತಿರಲಿಲ್ಲ, ಯಾರೂ ಎತ್ತುತ್ತಿರಲಿಲ್ಲ. ಆ ಸದ್ದು ನಿಂತಾಗಲೆಲ್ಲ ಆ ಕಡೆ ಫೋನು ಇಟ್ಟವರು ಯಾರೋ ಎಂದುಕೊಳ್ಳುತ್ತಿದ್ದೆ.

ಅಲ್ಲಿ ಕರುಣೆ ತೋರಿದ ಜನವೂ ಇದ್ದರು. ಒಬ್ಬಾಕೆ ಆಯಾ, ಮುಮ್ತಾಜಮ್ಮ ಎಂದು. ನಾನು “ಹಲೋ” ಎಂದಾಗ ನಗದೆ ಉತ್ತರ ಕೊಟ್ಟವಳು ಅವಳೊಬ್ಬಳೇ. ಕೈಯನ್ನು ಕಿವಿಗೆ ಹಿಡಿದುಕೊಂಡು “ಹಲೋ ಗೌಡ್ರೇ, ಬೋಲೋ. ಯಾವ್ ಕಡೆಯಿಂದ ಮಾತಾಡೋದು? ನೀರು ಬೇಕಾ? ಇಲ್ವಾ? ದುಪ್ಪಟಿ?” ಎಂದು ಒಂದೊಂದಾಗಿ ಕೇಳಿ, ನನ್ನ ಕಣ್ಣು ಹೌದೆನ್ನುವತನಕ ಬಿಡುತ್ತಿರಲಿಲ್ಲ. ನನ್ನ ಜೀವಮಾನದಲ್ಲಿ ಒಂದು ಫೋನನ್ನೂ ನಾನು ಹಾಗೆ ಕೇಳಿದವನಲ್ಲ.

ಡಾಕ್ಟರು ಒಂದು ದಿನ, “ಸ್ವಲ್ಪ ಬೇಗ ತಂದಿದ್ದರೆ ಚೆನ್ನಾಗಿತ್ತು” ಎಂದರು. ಎಲ್ಲ ಡಾಕ್ಟರೂ ಎಲ್ಲರಿಗೂ ಹೇಳುವ ಮಾತು. ಆದರೆ ಸಾಕಮ್ಮನ ತಮ್ಮ ಬೋರೇಗೌಡ ಪಕ್ಕದಲ್ಲೇ ಇದ್ದ. ಮುಂಗೋಪಿ.

“ಆ ಆಚಾರಿ ನನ್ಮಗನ್ನ ಬುಡಾಕಿಲ್ಲ ಕಣಕ್ಕ. ನಮ್ ಬಾವನ ಕೈಕಾಲು ಮುರಿದೋನು ಅವ್ನೇ. ಕೆಲ್ಸ ಕಿತ್ತಾಕಿಸ್ದೆ ಇದ್ರೆ ನನ್ನೆಸ್ರು ಬೋರೇಗೌಡ ಅಲ್ಲ.”

ನಾನು “ಹಲೋ, ಹಲೋ” ಎಂದೆ. ಅದು ನಿಜವಾಗಿಯೂ ‘ಬೇಡ, ನಿಲ್ಲು’ ಎಂದು ಹೇಳಹೊರಟದ್ದು. ಆ ದಿನ ನಾನು ಪ್ರಾಮಾಣಿಕನಾಗಿದ್ದೆ, ನಾಲಿಗೆ ಇರಲಿಲ್ಲ. “ನೋಡಕ್ಕ, ಬಾವನ್ಗೂ ಒಟ್ಟೆ ಉರೀತೈತೆ” ಎಂದು ಬೋರೇಗೌಡ ಎದ್ದು ಹೋದ.

ಅವನು ನೇರ ಅಧ್ಯಕ್ಷರ ಹತ್ತಿರ ಹೋಗಿ ಗಲಾಟೆ ಮಾಡಿದನಂತೆ. ನಂಜುಂಡನನ್ನು ಕರೆಸಿ ಕೇಳಿದರೆ ಅವನು, ಹೆಂಗಸರ ಫೋನಿಗೆ ಗಾಡಿ ಬಿಡಬೇಡ ಎಂದದ್ದು ತಿಮ್ಮೇಗೌಡಣ್ಣನೇ ಎಂದ. ತಿಮ್ಮೇಗೌಡ ಎಂದರೆ ನಾನು. ಅಧ್ಯಕ್ಷರಿಗೆ ಅಂಥ ನಿಯಮ ಗೊತ್ತೇ ಇರಲಿಲ್ಲ. ಅಮೀರನನ್ನು ಕೇಳಿದರು. “ಹೋಗು ಅಂದ್ರೆ ಹೋಗ್ತೀನಿ ಸಾಬ್, ಫೋನ್ ವಿಷ್ಯ ನಂಗೊತ್ತಿಲ್ಲ” ಎಂದ. ಟೀ ಅಂಗಡಿಯವರಿಗೆ ಏನೂ ನೆನಪಾಗಲಿಲ್ಲ. ಬಾಯಿ ಬಿದ್ದವನ ತಲೆಗೆ ತಪ್ಪು ಕಟ್ಟುತ್ತಿದ್ದಾನೆ ಎಂದು ಬೋರೇಗೌಡ ಕೂಗಾಡಿದ. ನಿಯಮ ಇದ್ದದ್ದು ನನ್ನ ಬಾಯಲ್ಲಿ ಮಾತ್ರ, ಆ ಬಾಯಿ ಈಗ ಇರಲಿಲ್ಲ. ಕೊನೆಗೆ ಅಧ್ಯಕ್ಷರು ತೂಕದ ಮಾತಾಡಿದರು: ತಿಮ್ಮೇಗೌಡ ಮನೆಗೆ ಬರಲಿ, ಒಂದಿಷ್ಟು ಸುಧಾರಿಸಲಿ, ಅವನನ್ನೇ ಕೇಳೋಣ. ಅಲ್ಲಿಯತನಕ ನಂಜುಂಡ ಕೆಲಸಕ್ಕೆ ಬರುವುದು ಬೇಡ. ಅವನು ಹೌದೆಂದರೆ ಇವನನ್ನು ಖಾಯಂ ಮಾಡೋಣ, ಇಲ್ಲವಾದರೆ ಇಲ್ಲ.

ನಾನು ಮನೆಗೆ ಬಂದೆ. ಬಲಗೈ ಹೊಟ್ಟೆಗೆ ಅಂಟಿಕೊಂಡಿತ್ತು, ಬಲಗಾಲು ಎಳೆದು ಹಾಕಬೇಕು. ಮೈಸೂರಿನಲ್ಲಿ ಹೇಳಿಕೊಟ್ಟಂತೆ ಸಾಕಮ್ಮ ದಿನಾ ಬೆಳಿಗ್ಗೆ ಎದುರಿಗೆ ಕೂತು ಒಂದೊಂದೇ ಸಾಮಾನು ಎತ್ತಿ ತೋರಿಸುತ್ತಿದ್ದಳು. “ಇದೇನು ಯೋಳಿ. ಲೋ...” ನಾನು “ಹಲೋ”. “ಅಲ್ಲ, ಲೋಟ.” ಮಕ್ಕಳಿಲ್ಲದ ಮನೆ ನಮ್ಮದು. ಅವಳು ಯಾರಿಗೂ ಮಾತು ಕಲಿಸಿದವಳಲ್ಲ. ಈ ವಯಸ್ಸಿನಲ್ಲಿ ನನಗೆ ಕಲಿಸಿದಳು. ಬೈಯಲಿಲ್ಲ, ಬೇಸರ ಮಾಡಿಕೊಳ್ಳಲಿಲ್ಲ. ಯಾವುದೋ ಒಂದು ಬೆಳಿಗ್ಗೆ ಕಾಫಿ ಕುಡಿಯುತ್ತ ಇದ್ದಕ್ಕಿದ್ದಂತೆ ನಾನು “ಸಕ್ರೆ ಸಾಲ್ದು” ಎಂದುಬಿಟ್ಟೆ. ಇಬ್ಬರೂ ಬೆಚ್ಚಿದೆವು.

“ಇನ್ನೊಂದ್ಸಲಿ ಯೋಳಿ!”

“ಸಕ್ರೆ ಸಾಲ್ದು.”

“ಅಯ್ಯೋ ನಮ್ಮಪ್ಪನೇ, ಬಾಯ್ ಬಂದದ್ದೇ ತಡ ತಪ್ಪು ತಗ್ಯಕ್ಕೆ ಶುರು ಮಾಡ್ಕಂಡ್ರಾ!” ಎಂದು ನಕ್ಕಳು. ಡಬ್ಬಿ ತಂದು ಲೋಟಕ್ಕೆ ಸಕ್ಕರೆ ಸುರಿದಳು. ಅರ್ಧ ನೆಲಕ್ಕೆ ಬಿತ್ತು. “ಸಾಕಿ” ಎಂದೆ. ಅದೂ ಬಂತು. ಮದುವೆಯ ಹೊಸದರಲ್ಲಿ ಕರೆಯುತ್ತಿದ್ದ ಹೆಸರು. ನನ್ನ ಕಾಯಿಲೆಯಲ್ಲಿ ಸಂತೋಷವೆಂದು ಇದ್ದದ್ದು ಆ ಬೆಳಿಗ್ಗೆ ಒಂದೇ.

ಅದೇ ದಿನ ಮಧ್ಯಾಹ್ನ ಅಧ್ಯಕ್ಷರು, ಬೋರೇಗೌಡ, ನಂಜುಂಡ ಮೂವರೂ ಬಂದರು. ಜಗುಲಿಯ ಮೇಲೆ ನನ್ನ ಎದುರಿಗೆ ಕುರ್ಚಿ ಹಾಕಿದರು. ನಂಜುಂಡ ಕೂರಲಿಲ್ಲ, ಕಂಬದ ಹತ್ತಿರ ನಿಂತ. ಮೈ ಇಳಿದುಹೋಗಿತ್ತು. ಸಾಕಮ್ಮ ಕಾಫಿ ಮಾಡಲು ಒಳಗೆ ಹೋದಳು. ಮಾತು ಬಂದ ಸುದ್ದಿಯನ್ನು ಕಾಫಿಯ ಜೊತೆಯೇ ಹೇಳೋಣವೆಂದು ಅವಳ ಮುಖದಲ್ಲಿ ಆಸೆಯಿತ್ತು.

ಅಧ್ಯಕ್ಷರು ಮೆತ್ತಗೆ ಕೇಳಿದರು. “ತಿಮ್ಮೇಗೌಡ, ಬಾಯಿ ಬರ್ದಿದ್ರೆ ತಲೆ ಆಡ್ಸು ಸಾಕು. ಹೆಂಗಸರ ಫೋನಿಗೆ ಗಾಡಿ ಬಿಡಬೇಡ ಅಂತ ಇವನಿಗೆ ನೀನು ಹೇಳಿದ್ದು ನಿಜಾನಾ?”

ನಂಜುಂಡ ಒಂದು ಹೆಜ್ಜೆ ಮುಂದೆ ಬಂದ. “ಅಣ್ಣ, ನಿಮ್ ಮನಸ್ಸಿಗೆ ಗೊತ್ತು. ಅವತ್ತು ಟೀ ಅಂಗ್ಡಿ ತಾವ ಬೈದ್ರಿ. ಬೆಲ್ಲ ತಿಂದ್ರಲ್ಲ ಎಲ್ಲಾರೂ, ಅವತ್ತು. ಒಂದ್ಸಲಿ ಊ ಅನ್ನಿ ಅಣ್ಣ. ನನ್ ಮಕ್ಳವೆ.”

ಆ ಹೊತ್ತಿಗೆ ಸಾಕಮ್ಮ ಕಾಫಿ ತಟ್ಟೆ ಹಿಡಿದು ಬಾಗಿಲಿಗೆ ಬಂದಿದ್ದಳು. ಅವನ ಮಾತು ಅವಳಿಗೆ ಕೇಳಿಸಿತು. ಅವಳು ನನ್ನನ್ನು ನೋಡಿದಳು.

ನನ್ನ ಬಾಯಲ್ಲಿ ಮಾತಿತ್ತು. ‘ಹೂ’ ಎನ್ನುವುದಕ್ಕೆ ಎಷ್ಟು ನಾಲಿಗೆ ಬೇಕು? ಅದೂ ಬೇಡ, ತಲೆ ಆಡಿಸಬಹುದಿತ್ತು. ಆದರೆ ಹೂ ಎಂದರೆ ನನ್ನ ಹೆಂಡತಿಯ ಫೋನನ್ನು ಇಟ್ಟವನು ನಾನೇ ಎಂದು ಅವಳ ಎದುರೇ ಒಪ್ಪಿದ ಹಾಗೆ. ಅಷ್ಟು ದಿನ ಊರೆಲ್ಲ ನನ್ನನ್ನು ಅಯ್ಯೋ ಪಾಪ ಎಂದಿತ್ತು. ಅಯ್ಯೋ ಪಾಪ ಎನ್ನಿಸಿಕೊಳ್ಳುವುದು ಎಷ್ಟು ರುಚಿ ಎಂದು ಕಾಯಿಲೆ ಬಿದ್ದವನಿಗೇ ಗೊತ್ತು.

ನಾನು ಬಾಯಿ ಸಡಿಲ ಬಿಟ್ಟೆ. ಜೊಲ್ಲು ಇಳಿಯಲು ಬಿಟ್ಟೆ. “ಹಲೋ” ಎಂದೆ.

ಅಧ್ಯಕ್ಷರು “ಪಾಪ, ಪಾಪ” ಎಂದು ಎದ್ದರು. “ನೋಡಿದ್ರಾ? ಏನೂ ತಿಳಿಯಾಕಿಲ್ಲ ಬಾವನ್ಗೆ. ಇವ್ನು ಅದ್ನೇ ಕಾಯ್ಕಂಡು ಕುಂತಿದ್ದ” ಎಂದ ಬೋರೇಗೌಡ. ನಂಜುಂಡ ನನ್ನ ಕಣ್ಣನ್ನೇ ನೋಡುತ್ತಿದ್ದ. ಫೋನಿನ ಮುಂದೆ ಜೊತೆಗೆ ಕೂತವನು, ನನ್ನ ಕಣ್ಣು ಅವನಿಗೆ ಗೊತ್ತು. ಮೆಟ್ಟಿಲಿಳಿದು ಹೋದ.

ಎಲ್ಲರೂ ಹೋದ ಮೇಲೆ ಸಾಕಮ್ಮ ಕಾಫಿ ತಟ್ಟೆ ನೆಲಕ್ಕಿಟ್ಟು ಎದುರಿಗೆ ಕೂತಳು. ಬೆಳಿಗ್ಗೆ ಪಾಠ ಹೇಳಿದಂತೆಯೇ ಕೂತಳು.

“ಆಯಪ್ಪ ಯೋಳಿದ್ದು ನಿಜವಾ?”

ಅವಳಿಗೂ ನಾನು “ಹಲೋ” ಎಂದೆ.

ಎದ್ದು ಒಳಗೆ ಹೋದಳು. ಮಾರನೆ ಬೆಳಿಗ್ಗೆ ಪಾಠವಿರಲಿಲ್ಲ, ಮುಂದೆ ಯಾವತ್ತೂ ಇರಲಿಲ್ಲ. ನನಗೆ ಬಾಯಿ ಬಂದದ್ದನ್ನು ಅವಳು ಯಾರಿಗೂ ಹೇಳಲಿಲ್ಲ. ಊಟ ಕೊಟ್ಟಳು, ಸ್ನಾನ ಮಾಡಿಸಿದಳು, ಕೈಗೆ ಎಣ್ಣೆ ಹಚ್ಚಿದಳು, ಒಂದಕ್ಕೂ ಕಡಿಮೆ ಮಾಡಲಿಲ್ಲ. ಒಂದು ಮಾತ್ರ ಬದಲಾಯಿತು. ಅವರು ಬಂದುಹೋದ ಸಂಜೆಯೇ ಪಕ್ಕದ ಮನೆಯವಳು ಯಜಮಾನರು ಹೇಗಿದ್ದಾರೆ ಎಂದಾಗ, “ತಿಮ್ಮೇಗೌಡನಾ? ಅವ್ನೆ, ಚೆನ್ನಾಗವ್ನೆ” ಎಂದಳು. ಆ ಹೆಂಗಸು ಕೆನ್ನೆ ಬಡಿದುಕೊಂಡಳು. ಅಂದಿನಿಂದ ಇವತ್ತಿನವರೆಗೂ ಸಾಕಮ್ಮ ನನ್ನನ್ನು ಹೆಸರು ಹಿಡಿದೇ ಕರೆಯುತ್ತಾಳೆ. ಜನ ಕೇಳಿದರೆ, “ಅವತ್ತೇ ಎಸ್ರು ಯೋಳಿದ್ರೆ ಗಾಡಿ ಬತ್ತಿತ್ತು” ಎನ್ನುತ್ತಾಳೆ.

ನಂಜುಂಡನ ಕೆಲಸ ಹೋಯಿತು. ನನಗೆ ಸಂಘದವರು ಒಂದು ಶಾಲು ಹೊದಿಸಿದರು.

ಮಾತು ಮತ್ತಷ್ಟು ಬರುತ್ತಲೇ ಹೋಯಿತು. ಎಷ್ಟು ಬೇಗ ಬಂತೆಂದರೆ ಅದನ್ನು ಬಚ್ಚಿಡುವುದೇ ಕೆಲಸವಾಯಿತು. ಯಾರೂ ಇಲ್ಲದಾಗ ಕೊಟ್ಟಿಗೆಯಲ್ಲಿ ಕೂತು, ಹಿಂದೆ ಫೋನಿನಲ್ಲಿ ಕೇಳುತ್ತಿದ್ದ ಊರುಗಳ ಹೆಸರು ಒಂದೊಂದಾಗಿ ಹೇಳಿಕೊಳ್ಳುತ್ತಿದ್ದೆ. ಜನರ ಮುಂದೆ ಈ ವಾರ ಒಂದು ಮಾತು, ಬರುವ ವಾರ ಇನ್ನೊಂದು ಎಂದು ಲೆಕ್ಕ ಹಾಕಿ ವಾಸಿಯಾದೆ. “ನಿಮಿಷಾಂಬ ಬಾಯಿ ಕೊಟ್ಳು” ಎಂದು ಬೋರೇಗೌಡ ಗಂಜಾಮಿಗೆ ಕರೆದುಕೊಂಡು ಹೋಗಿ ಪೂಜೆ ಮಾಡಿಸಿದ. ಸಾಕಮ್ಮ ಬರಲಿಲ್ಲ. ಪೂರ್ತಿ ಮಾತು ಬಂತೆಂದು ಎಲ್ಲರೂ ಒಪ್ಪುವ ಹೊತ್ತಿಗೆ ನಂಜುಂಡನ ವಿಷಯ ಯಾರ ಬಾಯಲ್ಲೂ ಇರಲಿಲ್ಲ. ಯಾರೂ ಕೇಳಲಿಲ್ಲ, ನಾನೂ ಎತ್ತಲಿಲ್ಲ. ಹಾಗೆ ವರ್ಷಗಳು ಹೋದವು.

ಆಮೇಲೆ ಒಂದು ದಿನ ಅಮೀರ ಸಿಕ್ಕಿ, ನಂಜುಂಡ ಬೆಳ್ಳೂರು ಕ್ರಾಸಿನಲ್ಲಿದ್ದಾನೆ, ಲಾರಿಗಳ ಸ್ಪ್ರಿಂಗ್ ಪಟ್ಟಿ ಬಡಿಯುವ ಕೆಲಸ, ಅವನ ತಂದೆ ತೀರಿಕೊಂಡರು ಎಂದ. ಮನೆಗೆ ಬಂದು ಸಾಕಮ್ಮನಿಗೆ ಹೇಳಿದೆ. “ನಂಗ್ಯಾಕ್ ಯೋಳ್ತೀಯ?” ಎಂದಳು. ಮಾರನೆಯ ದಿನ ಊರುಗೋಲು ಹಿಡಿದು ಬಸ್ಸು ಹತ್ತಿದೆ.

ಹೆದ್ದಾರಿಯ ಬದಿಯ ಶೆಡ್ಡಿನಲ್ಲಿ ಅವನು ಲಾರಿಯೊಂದರ ಕೆಳಗಿದ್ದ. ಈಚೆ ಬಂದು ನನ್ನನ್ನು ಕಂಡು, ಕೈ ಒರೆಸಿಕೊಂಡು, ಒಂದು ಹಳೇ ಟೈರು ಎಳೆದು ಹಾಕಿದ. “ಕುಂತ್ಕಳಿ.” ಕೂತೆ. ಎಲ್ಲ ಹೇಳಿದೆ. ಆ ದಿನ ಬೆಳಿಗ್ಗೆಯೇ ಬಾಯಿ ಬಂದಿತ್ತು, ಬೇಕೆಂದೇ ಹಲೋ ಎಂದೆ, ತಪ್ಪಾಯಿತು ಎಂದೆ. ಅವನು ಅಲ್ಲಲ್ಲಿ ತಲೆಯಾಡಿಸುತ್ತ ಕೇಳಿದ. ಹೊಸದು ಏನನ್ನೂ ಕೇಳಿದಂತೆ ಕಾಣಲಿಲ್ಲ.

“ನಂಗ್ಯಾಕಣ್ಣ ಯೋಳ್ತೀರಿ? ನಂಗೊತ್ತಿರೋದೇ ಅಲ್ವಾ. ನಮ್ಮಪ್ಪ ಸಾಯೋಗಂಟ ಕೇಳ್ತು, ಬಾಯಿಲ್ದೋನ ಮ್ಯಾಲೆ ಯಾಕ್ಲಾ ತಪ್ಪು ಆಕ್ದೆ ಅಂತ. ನನ್ನ ಎಂಡ್ರು ಬಾಯ್ಬುಟ್ಟು ಕೇಳ್ನಿಲ್ಲ, ನಂಬ್ಲೂ ಇಲ್ಲ. ಗೊತ್ತಿಲ್ದೋರ್ಗೆ ಯೋಳೋಗಿ.”

ಟೀ ತರಿಸಿಕೊಟ್ಟ. ನಾನು ಕುಡಿಯುವಾಗ ಅವನು ಮತ್ತೆ ಲಾರಿಯ ಕೆಳಗೆ ಹೋದ.

ಗೊತ್ತಿಲ್ಲದವರಿಗೆ ಹೇಳಿದೆ. ಕಿಕ್ಕೇರಿಗೆ ಹೋಗಿ ಅವನ ಹೆಂಡತಿಗೆ ಹೇಳಿದೆ. ಅವಳು ಬಾಗಿಲಲ್ಲೇ ನಿಂತು ಕೇಳಿ, “ಅವ್ರೇ ಕಳಿಸಿದ್ರಾ ನಿಮ್ಮುನ್ನ?” ಎಂದಳು. ಬೋರೇಗೌಡನಿಗೆ ಹೇಳಿದೆ. “ಬಾವ, ತಲೆಗೆ ತಗಲಿರೋ ಕಾಯ್ಲೆ ಇದು. ಏನೇನೋ ತೋರ್ತದೆ. ಮಾತ್ರೆ ತಗಂಡ್ಯಾ?” ಎಂದ. ಅಧ್ಯಕ್ಷರು ಈಗ ಹಾಸಿಗೆ ಹಿಡಿದಿದ್ದಾರೆ, ಸಂಘವೂ ಮುಚ್ಚಿದೆ. ಅವರು ನನ್ನ ಕೈ ಸವರಿ, ಲಕ್ವ ಆದವರಿಗೆ ನೆನಪು ಕಲಸಿಹೋಗುತ್ತದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದರು. ನಾನು ಜೊಲ್ಲು ಸುರಿಸಿ ಹೇಳಿದ ಸುಳ್ಳನ್ನು ಇವರಿಬ್ಬರೂ ಅನುಮಾನಿಸಲಿಲ್ಲ. ನೆಟ್ಟಗೆ ಕೂತು ಹೇಳಿದ ನಿಜವನ್ನು ಇಬ್ಬರೂ ಕಾಯಿಲೆ ಎಂದರು.

ಅದಕ್ಕೇ ಇದನ್ನು ಎಡಗೈಯಲ್ಲಿ, ಬಹಳ ದಿನ ತೆಗೆದುಕೊಂಡು ಬರೆದೆ. ಲಕ್ವ ಹೊಡೆದವರು ಓದುತ್ತಿದ್ದರೆ, ಮಾತು ಬರುತ್ತದೆ, ಧೈರ್ಯವಾಗಿರಿ. ಬಂದ ಮೇಲೆ ಬಂದಿದೆ ಎಂದು ಹೇಳಿ.

ನಿನ್ನೆ ಇಷ್ಟನ್ನೂ ಸಾಕಮ್ಮನಿಗೆ ಓದಿ ಹೇಳಿದೆ. ಅವರೆಕಾಯಿ ಸುಲಿಯುತ್ತ ಕೇಳಿದಳು. ಎಲ್ಲೂ ತಡೆಯಲಿಲ್ಲ. ಮುಗಿದ ಮೇಲೆ ಸಿಪ್ಪೆ ಕೊಡವಿ ಎದ್ದಳು.

“ಆಸ್ಪತ್ರೆ ವಿಷ್ಯ ಕಿತ್ತಾಕು ತಿಮ್ಮೇಗೌಡ. ಓದ್ದೋರು ಅಯ್ಯೋ ಪಾಪ ಅಂದ್ಬುಡ್ತಾರೆ.”